ನಗರದ ನಕ್ಷೆಗೆ ಕಿವಿಯಿಲ್ಲ

ಎಳ್ಳಮಾವಾಸ್ಯೆಗೆಂದು ಆಳಂದ ತಾಲ್ಲೂಕಿನ ಸರಸಂಬಾದಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಬೆಳಗಿನ ಹೊತ್ತು ಅಕ್ಕ ಅಡುಗೆಮನೆಯಲ್ಲಿ ಸಜ್ಜೆರೊಟ್ಟಿ ಬಡಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಕುಳಿತು ಬೆಂಗಳೂರಿನ ಸುದ್ದಿ ಹೇಳುತ್ತಿದ್ದೆ. ನಾಲ್ಕಾರು ಮಾತು ಮುಗಿಯುವಷ್ಟರಲ್ಲಿ ಆಕೆ ಕೈ ನಿಲ್ಲಿಸಿ, ‘ಯಾಕ ತಮ್ಮಾ, ಇಷ್ಟ್ಯಾಕ ಒದರ್ಲಕತ್ತಿ? ನನಗೇನು ಕಿವಿ ಕೇಳಂಗಿಲ್ಲೇನು?’ ಎಂದಳು. ನಾನು ಕೂಗಿ ಮಾತನಾಡುತ್ತಿದ್ದೇನೆ ಎಂಬುದು ನನಗೆ ತಿಳಿದೇ ಇರಲಿಲ್ಲ. ಬೆಂಗಳೂರಿನ ಮುಖ್ಯರಸ್ತೆಯೊಂದರ ಪಕ್ಕದಲ್ಲಿ ಹಲವು ವರ್ಷ ಬದುಕಿದವನಿಗೆ ಅದೇ ಸಹಜ ಧ್ವನಿಯಾಗಿಬಿಟ್ಟಿತ್ತು.

ಇದಕ್ಕೆ ವೈದ್ಯವಿಜ್ಞಾನದಲ್ಲಿ ಒಂದು ಹೆಸರೇ ಇದೆ. ಸುತ್ತಲಿನ ಗದ್ದಲ ಹೆಚ್ಚಿದಂತೆ ಮನುಷ್ಯ ತನಗರಿವಿಲ್ಲದೆ ದನಿ ಏರಿಸುತ್ತಾನೆ ಎಂಬುದನ್ನು ಫ್ರಾನ್ಸಿನ ಕಿವಿ-ಗಂಟಲು ತಜ್ಞ ಎಟಿಯೆನ್ ಲೊಂಬಾರ್ 1911ರಲ್ಲಿ ದಾಖಲಿಸಿದರು. ಮನುಷ್ಯರಷ್ಟೇ ಅಲ್ಲ, ಹಕ್ಕಿಗಳೂ ಇದಕ್ಕೆ ಹೊರತಲ್ಲ. ನೆದರ್ಲೆಂಡ್ಸ್‌ನ ಲೈಡನ್ ನಗರದಲ್ಲಿ ಗದ್ದಲವಿರುವ ಕಡೆ ವಾಸಿಸುವ ಪುಟ್ಟ ಹಕ್ಕಿಗಳು ವಾಹನಗಳ ಮೊರೆತಕ್ಕಿಂತ ಮೇಲಿನ ಸ್ಥಾಯಿಯಲ್ಲಿ ಹಾಡುತ್ತವೆ ಎಂದು 2003ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ನಗರವು ತನ್ನ ನಿವಾಸಿಗಳ ಕಂಠವನ್ನೂ ರೂಪಿಸುತ್ತದೆ ಎಂದಾಯಿತು. ಹಾಗಿದ್ದರೆ ನಗರವನ್ನು ರೂಪಿಸುವವರು ಈ ಸಂಗತಿಯನ್ನು ಎಂದಾದರೂ ಲೆಕ್ಕಕ್ಕೆ ತೆಗೆದುಕೊಂಡಿದ್ದಾರೆಯೇ?

ಹಳ್ಳಿ ನಿಶ್ಶಬ್ದವಾಗಿತ್ತು, ನಗರ ಗದ್ದಲಮಯ ಎಂಬ ಸುಲಭದ ಹಳಹಳಿಕೆ ನನ್ನ ಉದ್ದೇಶವಲ್ಲ. ಹಳ್ಳಿ ಎಂದೂ ನಿಶ್ಶಬ್ದವಾಗಿರಲಿಲ್ಲ. ಆದರೆ ಅಲ್ಲಿನ ಪ್ರತಿಯೊಂದು ಸದ್ದಿಗೂ ಒಂದು ಅರ್ಥವಿತ್ತು. ಹಿಟ್ಟಿನ ಗಿರಣಿಯ ಸದ್ದು ಕೇಳಿದರೆ ಕರೆಂಟು ಬಂದಿದೆ ಎಂದರ್ಥ. ರೊಟ್ಟಿ ಬಡಿಯುವ ಸದ್ದು ಕೇಳಿದರೆ ಹೊಲಕ್ಕೆ ಹೊರಡುವ ಹೊತ್ತಾಯಿತು ಎಂದರ್ಥ. ನಗರಗಳಿಗೂ ಇಂತಹ ಭಾಷೆ ಇತ್ತು. ನಾನು ಆಗಿನ ಗುಲ್ಬರ್ಗದಲ್ಲಿ ಓದುತ್ತಿದ್ದಾಗ ಎಂ.ಎಸ್.ಕೆ. ಮಿಲ್ಲಿನ ಭೋಂಗಾ ಕೇಳಿ ಗಡಿಯಾರ ಸರಿಪಡಿಸಿಕೊಳ್ಳುವವರಿದ್ದರು. ಈಗ ಮಿಲ್ಲು ಇಲ್ಲ, ಅದರ ಹೆಸರು ಮಾತ್ರ ಬಡಾವಣೆಗೆ ಉಳಿದಿದೆ. ಕೆನಡಾದ ಸಂಗೀತ ಸಂಯೋಜಕ ಮರ್ರೆ ಶೇಫರ್ ಮತ್ತು ಸಂಗಡಿಗರು 1970ರ ದಶಕದಲ್ಲಿ ವ್ಯಾಂಕೂವರ್ ನಗರದ ಸದ್ದುಗಳನ್ನು ಧ್ವನಿಮುದ್ರಿಸಿಕೊಂಡು ಅಧ್ಯಯನ ಮಾಡಿದರು. ಊರಿಗೆ ಗೋಪುರವೋ ಕೋಟೆಯೋ ಹೆಗ್ಗುರುತಾಗಿರುವಂತೆ ಕೆಲವು ಸದ್ದುಗಳೂ ಹೆಗ್ಗುರುತುಗಳೇ ಎಂಬುದು ಅವರ ವಾದ. ಇಂದಿನ ನಮ್ಮ ನಗರಗಳಲ್ಲಿ ಅರ್ಥವುಳ್ಳ ಸದ್ದುಗಳೆಲ್ಲ ಅರ್ಥವಿಲ್ಲದ ಒಂದೇ ಮೊರೆತದ ಅಡಿಯಲ್ಲಿ ಹೂತುಹೋಗುತ್ತಿವೆ.

ಈ ಮೊರೆತಕ್ಕೆ ನಾವು ಸಾಮಾನ್ಯವಾಗಿ ಕೊಡುವ ಕಾರಣ ಒಂದೇ: ಜನರಿಗೆ ಶಿಸ್ತಿಲ್ಲ. 2020ರ ಆರಂಭದಲ್ಲಿ ಮುಂಬೈ ಪೊಲೀಸರು, ಹಾರ್ನ್ ಸದ್ದು 85 ಡೆಸಿಬಲ್ ಮೀರಿದರೆ ಕೆಂಪು ದೀಪದ ಅವಧಿ ಮತ್ತೆ ಮೊದಲಿನಿಂದ ಆರಂಭವಾಗುವ ಸಿಗ್ನಲ್‌ಗಳನ್ನು ಪ್ರಯೋಗಿಸಿ ದೇಶದ ಮೆಚ್ಚುಗೆ ಗಳಿಸಿದರು. 2022ರಲ್ಲಿ ನಮ್ಮ ರಾಜ್ಯದಲ್ಲಿ ಧ್ವನಿವರ್ಧಕಗಳ ವಿವಾದ ಕಾವೇರಿದಾಗ ಚರ್ಚೆಯೆಲ್ಲ ‘ಯಾರ ಧ್ವನಿವರ್ಧಕ’ ಎಂಬಲ್ಲಿಗೇ ಸುತ್ತಿ ಬಂತು. ಕಾನೂನು ಎಲ್ಲ ಧ್ವನಿವರ್ಧಕಗಳಿಗೂ ಒಂದೇ. ಅದು ಎಲ್ಲರ ಮೇಲೂ ಸಮನಾಗಿ ಜಾರಿಯಾಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಹಗಲಿರುಳೂ ಬಿಡುವಿಲ್ಲದೆ ಸದ್ದು ಮಾಡುವ ಅತಿ ದೊಡ್ಡ ಧ್ವನಿವರ್ಧಕ ನಮ್ಮ ರಸ್ತೆ. ಅದರ ಮಾತು ಆ ಚರ್ಚೆಯಲ್ಲಿ ಬರಲೇ ಇಲ್ಲ.

ಹಾರ್ನ್ ಏಕೆ ಮೊಳಗುತ್ತದೆ ಎಂಬುದನ್ನೇ ನೋಡೋಣ. ಪಾದಚಾರಿ ಮಾರ್ಗವಿಲ್ಲದ ಕಡೆ ಜನ ರಸ್ತೆಗೆ ಇಳಿಯುತ್ತಾರೆ. ವಾಹನ ಹಾರ್ನ್ ಹೊಡೆಯುತ್ತದೆ. ಬಸ್ ನಿಲ್ಲಲು ಜಾಗವಿಲ್ಲದ ಕಡೆ ಬಸ್ ನಡುರಸ್ತೆಯಲ್ಲಿ ನಿಲ್ಲುತ್ತದೆ. ಹಿಂದಿನ ಇಪ್ಪತ್ತು ವಾಹನಗಳು ಹಾರ್ನ್ ಹೊಡೆಯುತ್ತವೆ. ಉಬ್ಬು ಬಂದಲ್ಲಿ ಲಾರಿ ಬ್ರೇಕ್ ಹಾಕಿ ಮತ್ತೆ ಗೇರ್ ಬದಲಿಸಿ ಏದುಸಿರು ಬಿಡುತ್ತದೆ. ಮೇಲ್ಸೇತುವೆ ಕಟ್ಟಿದರೆ, ನೆಲಮಟ್ಟದಲ್ಲಿದ್ದ ಸದ್ದು ಎರಡನೇ ಮತ್ತು ಮೂರನೇ ಮಹಡಿಯ ಕಿಟಕಿಗಳಿಗೆ ತಲುಪುತ್ತದೆ. ಇಕ್ಕಟ್ಟಾದ ರಸ್ತೆಯ ಎರಡೂ ಬದಿ ಎತ್ತರದ ಕಟ್ಟಡಗಳು ಎದ್ದರೆ ಸದ್ದು ಗೋಡೆಯಿಂದ ಗೋಡೆಗೆ ಪುಟಿಯುತ್ತಾ ಅಲ್ಲಿಯೇ ಉಳಿಯುತ್ತದೆ. ಚಾಲಕನ ಅಶಿಸ್ತು ಇದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದು ಕಚೇರಿಯ ಮೇಜಿನ ಮೇಲೆ, ನಕ್ಷೆಯೊಂದಕ್ಕೆ ಸಹಿ ಬಿದ್ದ ದಿನವೇ ನಿರ್ಧಾರವಾಗಿರುತ್ತದೆ.

ಇದು ನನ್ನ ಹೊಸ ವಾದವಲ್ಲ. ಕಾನೂನೇ ಹೇಳುವ ಮಾತು. ಪರಿಸರ ಸಂರಕ್ಷಣೆ ಕಾಯ್ದೆಯಡಿ ಕೇಂದ್ರ ಸರ್ಕಾರವು 2000ದ ಫೆಬ್ರುವರಿಯಲ್ಲಿ ಶಬ್ದಮಾಲಿನ್ಯ ನಿಯಂತ್ರಣ ನಿಯಮಗಳನ್ನು ಪ್ರಕಟಿಸಿತು. ಅದರಂತೆ ಹಗಲು ವಸತಿ ಪ್ರದೇಶದಲ್ಲಿ 55, ವಾಣಿಜ್ಯ ಪ್ರದೇಶದಲ್ಲಿ 65, ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ 50 ಡೆಸಿಬಲ್ ಗರಿಷ್ಠ ಮಿತಿ. ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ ಈ ಮಿತಿಗಳು ಇನ್ನೂ ಕಡಿಮೆ. ವಸತಿ ಪ್ರದೇಶದಲ್ಲಿ 45. ಇವು ಅನೇಕರಿಗೆ ಗೊತ್ತಿರುವ ಅಂಕಿಗಳು. ಹೆಚ್ಚು ಜನ ಗಮನಿಸದಿರುವುದು ಮೂರನೇ ನಿಯಮದ ನಾಲ್ಕನೇ ಉಪನಿಯಮ. ಅಭಿವೃದ್ಧಿ ಪ್ರಾಧಿಕಾರಗಳು, ಸ್ಥಳೀಯ ಸಂಸ್ಥೆಗಳು ನಗರ ಮತ್ತು ಗ್ರಾಮಾಂತರ ಯೋಜನೆಯ ಕೆಲಸ ಮಾಡುವಾಗ ಶಬ್ದಮಾಲಿನ್ಯವನ್ನು ಜೀವನ ಗುಣಮಟ್ಟದ ಒಂದು ಅಳತೆಯಾಗಿ ಪರಿಗಣಿಸಲೇಬೇಕು ಎಂದು ಅದು ವಿಧಿಸುತ್ತದೆ. ಕಾಲು ಶತಮಾನ ಕಳೆದರೂ ಈ ಸಾಲು ಪುಸ್ತಕದಲ್ಲಿಯೇ ಉಳಿದಿದೆ.

ಬದಲಿಗೆ ನಾವು ಚಲಾವಣೆಗೆ ತಂದದ್ದು ದೂರಿನ ದಾರಿಯನ್ನು. ಅದೂ ಎಷ್ಟು ಕಿರಿದು ನೋಡಿ. ನಿಗದಿತ ಮಟ್ಟಕ್ಕಿಂತ 10 ಡೆಸಿಬಲ್ ಅಥವಾ ಹೆಚ್ಚು ಸದ್ದಿದ್ದರೆ, ಇಲ್ಲವೇ ರಾತ್ರಿಯ ನಿರ್ಬಂಧ ಉಲ್ಲಂಘನೆಯಾಗಿದ್ದರೆ ನಾಗರಿಕ ದೂರು ಕೊಡಬಹುದು ಎನ್ನುತ್ತದೆ ನಿಯಮ. ಡೆಸಿಬಲ್ ಎಂಬುದು ಸಾಮಾನ್ಯ ಕೂಡುಕಳೆಯ ಲೆಕ್ಕವಲ್ಲ. ಹತ್ತು ಡೆಸಿಬಲ್ ಏರಿದರೆ ಶಬ್ದದ ಶಕ್ತಿ ಹತ್ತು ಪಟ್ಟಾಗುತ್ತದೆ. ಕಿವಿಗೆ ಸುಮಾರು ಎರಡು ಪಟ್ಟು ಜೋರಾಗಿ ಕೇಳುತ್ತದೆ. ಹಗಲಿನಲ್ಲಿ ಸದ್ದು ಅಷ್ಟು ಹೆಚ್ಚುವವರೆಗೆ ನಾಗರಿಕ ಸುಮ್ಮನಿರಬೇಕು. ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ನೀಡಿದ ತೀರ್ಪಿನಲ್ಲಿ, ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನಲ್ಲಿ ಗದ್ದಲದಿಂದ ಮುಕ್ತವಾಗಿ ನೆಮ್ಮದಿಯಿಂದಿರುವ ಹಕ್ಕೂ ಸೇರಿದೆ ಎಂದು ಸ್ಪಷ್ಟಪಡಿಸಿತು. 2011ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ಬೆಂಗಳೂರೂ ಸೇರಿ ಏಳು ಮಹಾನಗರಗಳಲ್ಲಿ ಶಬ್ದ ಅಳೆಯುವ ಜಾಲ ಆರಂಭಿಸಿತು; ಕೇಂದ್ರಗಳು ಕ್ರಮೇಣ ಎಪ್ಪತ್ತಕ್ಕೆ ಏರಿದವು. ಹಕ್ಕು ಇದೆ, ಮಾಪಕವೂ ಇದೆ. ಆದರೆ ಮಾಪಕ ಹೇಳುವುದನ್ನು ಕೇಳಿ ರಸ್ತೆಯ ನಕ್ಷೆಯನ್ನು ತಿದ್ದುವ ಅಧಿಕಾರಿ ಯಾರೆಂಬುದು ಮಾತ್ರ ನಿರ್ಧಾರವಾಗಿಲ್ಲ.

ಈ ಲೋಪವನ್ನು ಬೇರೆಯವರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಸೇವೆಯಲ್ಲಿದ್ದಾಗ ಜಿಲ್ಲಾ ಕೇಂದ್ರವೊಂದರಲ್ಲಿ ಲಾರಿಗಳ ಸಂಚಾರವನ್ನು ಮಾರುಕಟ್ಟೆ ಪ್ರದೇಶದಿಂದ ತಪ್ಪಿಸಲು ಬದಲಿ ಮಾರ್ಗ ಗುರುತಿಸುವ ಸಭೆಯಲ್ಲಿ ನಾನಿದ್ದೆ. ಹೊಸ ಮಾರ್ಗ ಸರ್ಕಾರಿ ಪ್ರಾಥಮಿಕ ಶಾಲೆಯೊಂದರ ಗೋಡೆಗೆ ತಾಗಿಕೊಂಡೇ ಹೋಗುತ್ತಿತ್ತು. ರಸ್ತೆಯ ಅಗಲ, ಚರಂಡಿ, ವಿದ್ಯುತ್ ಕಂಬ ಎಲ್ಲವೂ ಚರ್ಚೆಯಾದವು. ಮಕ್ಕಳು ರಸ್ತೆ ದಾಟುವ ಬಗೆಯೂ ಚರ್ಚೆಯಾಯಿತು. ಪಾಠ ಕೇಳಿಸುತ್ತದೆಯೇ ಎಂದು ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಒಂದು ವರ್ಷದ ನಂತರ ಮುಖ್ಯೋಪಾಧ್ಯಾಯಿನಿಯೊಬ್ಬರ ಅರ್ಜಿ ಬಂತು. ಕಿಟಕಿ ತೆರೆದರೆ ಪಾಠ ಕೇಳಿಸದು, ಮುಚ್ಚಿದರೆ ಸೆಖೆ ತಡೆಯಲಾಗದು ಎಂದು ಅವರು ಬರೆದಿದ್ದರು. ‘ಸೂಕ್ತ ಕ್ರಮಕ್ಕಾಗಿ ರವಾನಿಸಿದೆ’ ಎಂದು ಟಿಪ್ಪಣಿ ಬರೆದು ಕಳುಹಿಸಿದೆ. ಆ ಅರ್ಜಿ ಮೂರು ಕಚೇರಿ ಸುತ್ತಿ, ಇದು ತಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಮೂರು ಒಕ್ಕಣೆಗಳೊಂದಿಗೆ ಮರಳಿತು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಬದಲಿ ಮಾರ್ಗದ ಕಡತದಲ್ಲಿ ನನ್ನ ಸಹಿ ಇಂದಿಗೂ ಇದ್ದೀತು.

ಆ ಶಾಲೆಯ ಮಕ್ಕಳು ಏನು ಕಳೆದುಕೊಂಡರೆಂದು ಅಳೆದವರಿಲ್ಲ. ಆದರೆ ಬೇರೊಂದು ಶಾಲೆಯಲ್ಲಿ ಅಳೆದಿದ್ದಾರೆ. ನ್ಯೂಯಾರ್ಕ್‌ನ ಮ್ಯಾನ್‌ಹಟನ್‌ನಲ್ಲಿ ಎತ್ತರದ ರೈಲುಮಾರ್ಗಕ್ಕೆ ಸಮೀಪದಲ್ಲಿದ್ದ ಶಾಲೆಯೊಂದನ್ನು ಮನೋವಿಜ್ಞಾನಿ ಆರ್ಲಿನ್ ಬ್ರೋನ್‌ಜಾಫ್ಟ್ ಅಭ್ಯಸಿಸಿದರು. 1975ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ, ಹಳಿಯ ಕಡೆಗಿದ್ದ ಕೊಠಡಿಗಳಲ್ಲಿ ಕುಳಿತ ಆರನೇ ತರಗತಿಯ ಮಕ್ಕಳು ಓದುವ ಸಾಮರ್ಥ್ಯದಲ್ಲಿ, ಅದೇ ಕಟ್ಟಡದ ಇನ್ನೊಂದು ಬದಿಯ ಮಕ್ಕಳಿಗಿಂತ ಹೆಚ್ಚುಕಡಿಮೆ ಒಂದು ವರ್ಷದಷ್ಟು ಹಿಂದಿದ್ದರು. ಮನೆತನ, ಬುದ್ಧಿಮತ್ತೆ ಇತ್ಯಾದಿ ಕಾರಣಗಳನ್ನು ಹೇಳುವಂತಿರಲಿಲ್ಲ, ಏಕೆಂದರೆ ಶಾಲೆ ಒಂದೇ, ಬಡಾವಣೆ ಒಂದೇ. ನಂತರ ಹಳಿಗಳ ಕೆಳಗೆ ರಬ್ಬರ್ ಹಾಸು ಹಾಕಲಾಯಿತು. ಕೊಠಡಿಗಳಿಗೆ ಸದ್ದು ಹೀರುವ ಒಳಮಾಡು ಅಳವಡಿಸಲಾಯಿತು. 1981ರಲ್ಲಿ ಮತ್ತೆ ನೋಡಿದಾಗ ಎರಡೂ ಬದಿಯ ಮಕ್ಕಳ ಓದು ಸಮನಾಗಿತ್ತು. ಯಾರ ನಡತೆಯನ್ನೂ ತಿದ್ದಬೇಕಾಗಿ ಬರಲಿಲ್ಲ. ಒಂದಿಷ್ಟು ರಬ್ಬರ್ ಸಾಕಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಗದ್ದಲದ ಪ್ರಶ್ನೆ ಹೊಸದಲ್ಲ. ರೊನಾಲ್ಡ್ ಕೋಸ್ 1960ರಲ್ಲಿ ಬರೆದ, ಮುಂದೆ ಅವರಿಗೆ ನೊಬೆಲ್ ತಂದುಕೊಡುವುದರಲ್ಲಿ ಪಾಲು ಪಡೆದ ಪ್ರಬಂಧದಲ್ಲಿ ಚರ್ಚಿಸಿರುವ ಒಂದು ಪ್ರಕರಣ ಸದ್ದಿಗೇ ಸಂಬಂಧಿಸಿದ್ದು. ಲಂಡನ್ನಿನ ಮಿಠಾಯಿ ತಯಾರಕನೊಬ್ಬ ಬಹುಕಾಲದಿಂದ ಒರಳಿನಲ್ಲಿ ಕುಟ್ಟುತ್ತಿದ್ದ. ಪಕ್ಕದ ವೈದ್ಯ ತನ್ನ ಹಿತ್ತಿಲಿನಲ್ಲಿ, ಆ ಗೋಡೆಗೆ ತಾಗಿಯೇ ರೋಗಿಗಳನ್ನು ನೋಡುವ ಕೊಠಡಿ ಕಟ್ಟಿದ. ಎದೆಬಡಿತ ಕೇಳಲಾಗುತ್ತಿಲ್ಲ ಎಂದು ದಾವೆ ಹೂಡಿದ. 1879ರಲ್ಲಿ ನ್ಯಾಯಾಲಯ ವೈದ್ಯನ ಪರ ತೀರ್ಪಿತ್ತಿತು. ಮಾತುಕತೆಗೆ ಖರ್ಚೇ ಇಲ್ಲದಿದ್ದರೆ, ತೀರ್ಪು ಯಾರ ಪರವಿದ್ದರೂ ಈ ಇಬ್ಬರೂ ಕೊಡುಕೊಳ್ಳುವಿಕೆಯ ಮೂಲಕ ಕಡಿಮೆ ನಷ್ಟದ ಪರಿಹಾರಕ್ಕೆ ಬರುತ್ತಿದ್ದರು ಎಂಬುದು ಕೋಸ್ ಅವರ ವಾದ. ಆದರೆ ಆ ‘ಖರ್ಚೇ ಇಲ್ಲದಿದ್ದರೆ’ ಎಂಬ ಷರತ್ತಿನಲ್ಲಿಯೇ ಇಡೀ ವಿಷಯ ಅಡಗಿದೆ. ಒಬ್ಬ ವೈದ್ಯ, ಒಬ್ಬ ಮಿಠಾಯಿಯವನಾದರೆ ಮಾತುಕತೆ ಸಾಧ್ಯ. ದಿನವಿಡೀ ಹಾದುಹೋಗುವ ಲಾರಿಗಳ ಚಾಲಕರ ಜತೆ ಮೂರನೇ ತರಗತಿಯ ಮಕ್ಕಳು ಚೌಕಾಸಿ ಮಾಡಲಾದೀತೆ? ಅವರ ಪರವಾಗಿ ಮೊದಲೇ ಮಾತನಾಡಬೇಕಾದದ್ದು ನಗರ ಯೋಜನೆ. ಅದು ಮೌನವಾದರೆ ಮಾರುಕಟ್ಟೆ ತನ್ನದೇ ಉತ್ತರ ಕೊಡುತ್ತದೆ. ಶಕ್ತಿಯಿದ್ದವರು ಜೋಡಿಗಾಜಿನ ಕಿಟಕಿ ಹಾಕಿಸಿ, ಹವಾನಿಯಂತ್ರಕ ಕೂಡಿಸಿ, ಕಾವಲುಗೇಟಿನ ಬಡಾವಣೆಗೆ ಹೋಗಿ ನಿಶ್ಶಬ್ದವನ್ನು ಕೊಂಡುಕೊಳ್ಳುತ್ತಾರೆ. ಗದ್ದಲವು ರಸ್ತೆ ಬದಿಯ ಒಂದು ಕೋಣೆಯ ಮನೆಗಳಿಗೆ, ಸರ್ಕಾರಿ ಶಾಲೆಗಳಿಗೆ, ಸಂಚಾರ ಪೊಲೀಸರಿಗೆ, ಆಟೊ ಚಾಲಕರಿಗೆ, ತಳ್ಳುಗಾಡಿಯವರಿಗೆ ಉಳಿಯುತ್ತದೆ.

ಯೋಜನೆಗೆ ಎಂತಹ ಶಕ್ತಿಯಿದೆ ಎಂಬುದನ್ನು ಬೆಂಗಳೂರಿಗರು ಕಂಡಿದ್ದಾರೆ. 2008ರ ಮೇ 24ರಂದು ದೇವನಹಳ್ಳಿಯ ವಿಮಾನ ನಿಲ್ದಾಣ ಆರಂಭವಾಗಿ ಎಚ್‌ಎಎಲ್ ನಿಲ್ದಾಣದಿಂದ ಪ್ರಯಾಣಿಕ ವಿಮಾನಗಳ ಹಾರಾಟ ನಿಂತಿತು. ಪೂರ್ವ ಬೆಂಗಳೂರಿನ ಅನೇಕ ಬಡಾವಣೆಗಳ ಆಕಾಶ ಒಂದೇ ರಾತ್ರಿಯಲ್ಲಿ ಬದಲಾಯಿತು. ಆ ಸದ್ದು ದೇವನಹಳ್ಳಿಯ ಸುತ್ತಲಿನ ಹಳ್ಳಿಗಳ ಪಾಲಾಯಿತು. ಅದಕ್ಕೂ ಮುಂಚೆ 2007ರಲ್ಲಿ ಜಾರಿಗೆ ಬಂದ, ‘ಮಾಸ್ಟರ್ ಪ್ಲಾನ್ 2015’ ಎಂದೇ ಹೆಸರಾದ ಯೋಜನೆ ವಸತಿ ಪ್ರದೇಶಗಳಲ್ಲಿ ಮಿಶ್ರ ಬಳಕೆಗೆ ವಿಸ್ತಾರವಾಗಿ ಅವಕಾಶ ಕೊಟ್ಟಿತು. ಮನೆಯ ಹತ್ತಿರ ಅಂಗಡಿಯಿರುವುದು ತಪ್ಪಲ್ಲ. ಅದು ವಾಹನದ ಓಡಾಟವನ್ನು ತಗ್ಗಿಸಲೂಬಹುದು. ಆದರೆ 55 ಡೆಸಿಬಲ್‌ನ ಮಿತಿಯಿರುವ ಜಾಗಕ್ಕೆ 65 ಡೆಸಿಬಲ್‌ನ ಚಟುವಟಿಕೆ ಬಂದಾಗ ಯಾವ ಮಿತಿ ಅನ್ವಯಿಸಬೇಕು? ಇದಕ್ಕೆ ಮೊದಲೇ ಉತ್ತರ ಹೇಳದಿದ್ದರೆ ಕೊನೆಗೆ ನೆರೆಹೊರೆಯವರು ಠಾಣೆಯಲ್ಲಿ ಎದುರುಬದುರು ನಿಲ್ಲಬೇಕಾಗುತ್ತದೆ. ಒಳ್ಳೆಯ ಉದಾಹರಣೆಯೂ ಇದೆ. 2018ರಲ್ಲಿ ಹೊಸದಾಗಿ ರೂಪುಗೊಂಡ ಚರ್ಚ್ ಸ್ಟ್ರೀಟ್‌ನಲ್ಲಿ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ವಾಹನಗಳನ್ನು ನಿರ್ಬಂಧಿಸಲಾಗಿತ್ತು. ಆಗ ಅಲ್ಲಿ ನಡೆದಾಡಿದವರಿಗೆ ಹೆಜ್ಜೆಯ ಸಪ್ಪಳ, ಪಕ್ಕದವರ ಮಾತು, ನಗು ಕೇಳಿಸುತ್ತಿತ್ತು. ಆ ಬೀದಿ ಸತ್ತಂತಿರಲಿಲ್ಲ, ಜನರಿಂದ ತುಂಬಿತ್ತು.

ಹಾಗಾಗಿ ಗುರಿ ನಿಶ್ಶಬ್ದವಾಗಬಾರದು. ಸದ್ದಿಲ್ಲದ ನಗರ ದೃಷ್ಟಿಹೀನರಿಗೆ ಅಪಾಯಕಾರಿ. ಸದ್ದಿಲ್ಲದೆ ಬರುವ ವಿದ್ಯುತ್ ವಾಹನಗಳಿಂದ ಪಾದಚಾರಿಗಳಿಗೆ ತೊಂದರೆಯಾಗದಿರಲೆಂದು ಐರೋಪ್ಯ ಒಕ್ಕೂಟವು ನಿಧಾನ ಚಲಿಸುವಾಗ ಸದ್ದು ಹೊಮ್ಮಿಸುವ ಸಾಧನವನ್ನು 2021ರ ಜುಲೈನಿಂದ ಎಲ್ಲ ಹೊಸ ವಿದ್ಯುತ್ ಕಾರುಗಳಿಗೂ ಕಡ್ಡಾಯ ಮಾಡಿದೆ. ಸೊಪ್ಪು ಮಾರುವವಳ ಕೂಗನ್ನು ‘ಮಾಲಿನ್ಯ’ವೆಂದು ಎಣಿಸಿ ಆಕೆಯನ್ನು ಓಡಿಸುವುದು ಸುಲಭ, ಆಕೆಯ ಕೊರಳನ್ನು ನುಂಗುವ ರಸ್ತೆಯನ್ನು ತಿದ್ದುವುದು ಕಷ್ಟ. ಇಂದು ತಳ್ಳುಗಾಡಿಯವರು ಬ್ಯಾಟರಿಯ ಧ್ವನಿವರ್ಧಕಕ್ಕೆ ಮೊರೆ ಹೋಗಿರುವುದೇ ಬರಿಗೊರಳು ಮನೆಗಳಿಗೆ ಮುಟ್ಟುತ್ತಿಲ್ಲವೆಂದು. ಅಕ್ಕನೆದುರು ನಾನು ಕೂಗಿದ್ದಕ್ಕೂ ಅವರು ಧ್ವನಿವರ್ಧಕ ಹಿಡಿದದ್ದಕ್ಕೂ ಕಾರಣ ಒಂದೇ.

ಮಾಡಬಹುದಾದದ್ದೇನು? ಮೊದಲನೆಯದು ಸದ್ದಿನ ನಕ್ಷೆ. ಐರೋಪ್ಯ ಒಕ್ಕೂಟ 2002ರ ನಿರ್ದೇಶನದ ಮೂಲಕ ಮೊದಲು ಎರಡೂವರೆ ಲಕ್ಷ, ಅನಂತರ ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ನಗರಪ್ರದೇಶಗಳು ಐದು ವರ್ಷಕ್ಕೊಮ್ಮೆ ಇಂತಹ ನಕ್ಷೆ ತಯಾರಿಸುವಂತೆ ಮಾಡಿದೆ. 2011ರ ಜನಗಣತಿಯಲ್ಲೇ ಐದು ಲಕ್ಷ ದಾಟಿದ್ದ ಕಲಬುರ್ಗಿಗೆ ಅಂತಹ ಒಂದು ನಕ್ಷೆ ಅತಿಯಾಸೆಯೇನಲ್ಲ. ನಮ್ಮಲ್ಲಿ ಶಾಲೆ ಮತ್ತು ಆಸ್ಪತ್ರೆಗಳಿಂದ ಆರಂಭಿಸಿದರೂ ಸಾಕು. ಎರಡನೆಯದು, ನಿಶ್ಶಬ್ದ ವಲಯಗಳ ಅಧಿಸೂಚನೆ. 2017ರ ತಿದ್ದುಪಡಿಯ ನಂತರ, ರಾಜ್ಯ ಸರ್ಕಾರ ಅಧಿಸೂಚನೆ ಹೊರಡಿಸದ ಹೊರತು ಯಾವ ಜಾಗವೂ ತಾನಾಗಿಯೇ ನಿಶ್ಶಬ್ದ ವಲಯವಾಗದು. ಶಾಲೆಯ ಎದುರು ಫಲಕ ನೆಟ್ಟು ಸುಮ್ಮನಾಗುವಂತಿಲ್ಲ. ಅಧಿಸೂಚನೆಯ ಜತೆಗೇ ಭಾರಿ ವಾಹನಗಳಿಗೆ ಬೇರೆ ಮಾರ್ಗ, ಪಾದಚಾರಿ ಮಾರ್ಗ, ವೇಗಮಿತಿ ಇವು ನೆಲದ ಮೇಲೆ ಬರಬೇಕು. ಮೂರನೆಯದು ಕಟ್ಟಡಗಳ ವಿನ್ಯಾಸ. ಹೊಸ ಶಾಲೆ ಕಟ್ಟುವಾಗ ರಸ್ತೆಯ ಕಡೆಗೆ ಮೊಗಸಾಲೆ, ಉಗ್ರಾಣ, ಮೆಟ್ಟಿಲುಗಳಿದ್ದು, ತರಗತಿ ಕೊಠಡಿಗಳ ಕಿಟಕಿ ಒಳಗಿನ ಅಂಗಳಕ್ಕೆ ತೆರೆದರೆ ಹೆಚ್ಚಿನ ಖರ್ಚಿಲ್ಲದೆ ಅರ್ಧ ಸಮಸ್ಯೆ ಬಗೆಹರಿದೀತು. ಒಂದು ಸಾಲು ಗಿಡ ನೆಟ್ಟರೆ ಸದ್ದು ನಿಲ್ಲುತ್ತದೆ ಎಂಬುದು ಭ್ರಮೆ. ಅದಕ್ಕೆ ದಟ್ಟವಾದ, ಅಗಲವಾದ ಮರಗಳ ಪಟ್ಟಿಯೇ ಬೇಕು. ನಾಲ್ಕನೆಯದು ಮತ್ತು ಮುಖ್ಯವಾದದ್ದು, ರಸ್ತೆ, ಮೇಲ್ಸೇತುವೆ, ಬಸ್ ನಿಲ್ದಾಣಗಳ ಪ್ರಸ್ತಾವದ ಕಡತದಲ್ಲಿ ಸದ್ದಿನ ಕುರಿತು ಒಂದು ಪುಟ ಇರಲೇಬೇಕು ಮತ್ತು ಅದಕ್ಕೆ ಹೊಣೆಗಾರನಾದ ಒಬ್ಬ ಅಧಿಕಾರಿಯ ಹೆಸರಿರಬೇಕು.

ಇದಕ್ಕೆ ಕಾಲವೂ ಕೂಡಿಬಂದಿದೆ. ಬೆಂಗಳೂರಿಗಾಗಿ ಸಿದ್ಧವಾಗಿದ್ದ 2031ರ ಕರಡು ಯೋಜನೆಯನ್ನು ಸರ್ಕಾರ 2020ರಲ್ಲಿ ಹಿಂದಕ್ಕೆ ಪಡೆಯಿತು. 2025ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಐದು ನಗರ ಪಾಲಿಕೆಗಳು ಬಂದಿವೆ. ನಗರಕ್ಕೆ ಹೊಸ ಮಹಾಯೋಜನೆ ಬರಲೇಬೇಕು. ಅದರಲ್ಲಿ ಸದ್ದಿಗೆ ಒಂದು ಅಧ್ಯಾಯ ಮೀಸಲಾಗಲಿ. ಆದರೆ ನನ್ನ ಹೆಚ್ಚಿನ ಆಸೆ ಎರಡನೇ ಹಂತದ ನಗರಗಳ ಮೇಲೆ. ಬೆಂಗಳೂರಿನಲ್ಲಿ ಕಟ್ಟಿದ್ದನ್ನು ಕೆಡವಿ ಸರಿಪಡಿಸಬೇಕು. ಕಲಬುರ್ಗಿಯಂತಹ ನಗರದಲ್ಲಿ ಕಟ್ಟುವ ಮುನ್ನ ಯೋಚಿಸಿದರೆ ಸಾಕು. ಕಪನೂರಿನ ಬೇಳೆ ಕಾರ್ಖಾನೆಗಳ ಸುತ್ತ ಯಾವ ಬಡಾವಣೆಗೆ ಅನುಮತಿ ಕೊಡಬೇಕು, 2019ರಲ್ಲಿ ಆರಂಭವಾದ ವಿಮಾನ ನಿಲ್ದಾಣದ ಹಾರಾಟದ ಹಾದಿಯಲ್ಲಿ ಶಾಲೆ ಕಟ್ಟಬೇಕೇ ಎಂಬ ಪ್ರಶ್ನೆಗಳನ್ನು ಇಂದು ಕೇಳಿದರೆ ಖರ್ಚಾಗುವುದು ಕಾಗದ ಮಾತ್ರ. ಇಪ್ಪತ್ತು ವರ್ಷದ ನಂತರ ಕೇಳಿದರೆ ಒಂದು ಪೀಳಿಗೆಯ ಓದು ಖರ್ಚಾಗಿರುತ್ತದೆ.

ಸರಸಂಬಾಕ್ಕೂ ಈಗ ಮದುವೆಯ ಡಿಜೆ ಬಂದಿದೆ, ರಾತ್ರಿಯ ಟ್ರ್ಯಾಕ್ಟರ್‌ಗಳು ಬಂದಿವೆ. ಆದರೂ ಅಕ್ಕನ ಅಡುಗೆಮನೆಯಿಂದ ಪಡಸಾಲೆಗೆ ಮೆಲುದನಿಯ ಮಾತು ಇನ್ನೂ ಮುಟ್ಟುತ್ತದೆ. ಊರು ಬಿಡುವ ದಿನ ನಾನು ಪ್ರಯತ್ನಪಟ್ಟು ದನಿ ತಗ್ಗಿಸಿ ಮಾತನಾಡಿದೆ. ಬೆಂಗಳೂರಿಗೆ ಬಂದಿಳಿದು ಆಟೊ ಚಾಲಕನಿಗೆ ಮನೆಯ ವಿಳಾಸ ಹೇಳಿದೆ. ಆತ ಹಿಂತಿರುಗಿ, ‘ಜೋರಾಗಿ ಹೇಳಿ ಸಾರ್, ಕೇಳಿಸ್ತಿಲ್ಲ’ ಎಂದ.